ಹೊಸ ಕಂಪ್ಯೂಟರಿಗೆ ಗುರುತು ಸಿಗದ ಪ್ರಿಂಟರ್

ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಬೀದಿಯಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಒಂದು ಷಟರಿನ ಕೋಣೆ, ಒಂದು ಕಂಪ್ಯೂಟರ್, ಪ್ರಿಂಟು, ಸ್ಕ್ಯಾನು, ಜೆರಾಕ್ಸು ಮೂರನ್ನೂ ಮಾಡುವ ಹಳೆಯ ಮಿಷಿನ್ ಒಂದು. ಅಂಗಡಿ ನಡೆಸುತ್ತಿದ್ದವರು ನನ್ನ ಗಂಡ. ಅವರು ಊಟಕ್ಕೆ ಮನೆಗೆ ಬಂದಾಗ ನಾನು ಹೋಗಿ ಕೂರುತ್ತಿದ್ದೆ. ಪಹಣಿ ತೆಗೆಯುವುದು, ಅರ್ಜಿ ಟೈಪ್ ಮಾಡುವುದು ನನಗೆ ಬರುತ್ತಿತ್ತು. ಮಿಷಿನ್ನಿನ ವಿಷಯ ಮಾತ್ರ ಏನೇನೂ ಗೊತ್ತಿರಲಿಲ್ಲ. ಒಂದು ಹಾಳೆ ಒಳಗೆ ಸಿಕ್ಕಿಕೊಂಡರೂ ಅವರಿಗೆ ಫೋನ್ ಮಾಡುತ್ತಿದ್ದೆ. ಅವರು ಅರ್ಧ ಊಟದಲ್ಲೇ, ‘ಎಡಗಡೆ ಮುಚ್ಚಳ ತೆಗಿ, ಮೆಲ್ಲಗೆ ಎಳಿ’ ಎಂದು ಹೇಳಿಕೊಡುತ್ತಿದ್ದರು.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವರ ಬಲಗೈಯಿಂದ ಬ್ರಷ್ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಅಲ್ಲೇ ಕುಸಿದರು. ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಸ್ಟ್ರೋಕ್ ಎಂದರು. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ನಿಂತುಹೋಯಿತು.

ಬಹಳ ದಿನಗಳ ನಂತರ ಮಾತು ಮರಳಿದಾಗ ಅದು ತೆಲುಗಿನಲ್ಲಿ ಬಂತು. ನನ್ನ ಗಂಡನ ಮನೆಯವರದು ತೆಲುಗು. ನಾನು ಮಾಲೂರು ಕಡೆಯ ಲಕ್ಕೂರಿನವಳು, ನಮ್ಮ ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಮದುವೆಯಾದಾಗಿನಿಂದ ಅವರು ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದ್ದರು. ಅವರೂ ಅತ್ತೆಯೂ ಮಾತಾಡಿಕೊಳ್ಳುತ್ತಿದ್ದ ತೆಲುಗು ನನ್ನ ಕಿವಿಗೆ ಬೀಳುತ್ತಿತ್ತು, ಅರ್ಧಂಬರ್ಧ ತಿಳಿಯುತ್ತಿತ್ತು, ಅಷ್ಟೆ. ಈಗ ಅವರ ಬಾಯಿಂದ ಒಂದು ಹೊತ್ತಿಗೆ ಒಂದೋ ಎರಡೋ ಪದ ಬರುತ್ತಿದ್ದವು. ಬಂದದ್ದೆಲ್ಲ ತೆಲುಗು. ‘ನೀಳ್ಳು’ ಎಂದರೆ ನೀರು, ‘ಕಾದು’ ಎಂದರೆ ಅಲ್ಲ. ನಾನು ಕನ್ನಡದಲ್ಲಿ ಕೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಹೋದಾಗ ತುಟಿ ಅದುರಿ ಕಣ್ಣು ತುಂಬುತ್ತಿತ್ತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. “ಯಾವ ಭಾಷೆ ಬರುತ್ತೋ ಬರ್ಲಿ ಅಮ್ಮ, ತಡೀಬೇಡಿ. ಚಿಕ್ಕಂದಿನ ಮಾತು ಮೊದ್ಲು ಬಂದಿದೆ. ಕನ್ನಡ ಆಮೇಲೆ ಬಂದ್ರೂ ಬರಬಹುದು” ಎಂದಳು. ಬರುತ್ತದೆ ಎಂದು ಹೇಳಲಿಲ್ಲ, ಬಂದರೂ ಬರಬಹುದು ಎಂದಳು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಎರಡು ಮಾತಿನ ನಡುವಿನ ವ್ಯತ್ಯಾಸವನ್ನೇ ಯೋಚಿಸುತ್ತಿದ್ದೆ.

ಮನೆಯಲ್ಲಿ ಅವರು, ನಾನು, ಅತ್ತೆ. ಅಂಗಡಿ ಬಿಟ್ಟರೆ ಬೇರೆ ದುಡಿಮೆಯಿಲ್ಲ. ಅತ್ತೆಯನ್ನು ಅವರ ಹತ್ತಿರ ಕೂರಿಸಿ ನಾನು ಅಂಗಡಿ ತೆಗೆಯಲು ಹೋದೆ. ಷಟರ್ ಎತ್ತಿ, ಧೂಳು ಒರೆಸಿ, ಸ್ವಿಚ್ ಹಾಕಿದರೆ ಕಂಪ್ಯೂಟರ್ ಹತ್ತಲೇ ಇಲ್ಲ. ಅಂಗಡಿ ಮುಚ್ಚಿದ್ದ ದಿನಗಳಲ್ಲಿ ಸಿಡಿಲು ಮಳೆ ಹುಯ್ದಿತ್ತು. ಕೋಲಾರದಿಂದ ಬಂದ ರಿಪೇರಿಯವನು ಒಳಗಿನ ಬೋರ್ಡ್ ಸುಟ್ಟಿದೆ ಎಂದು ಕೈಚೆಲ್ಲಿದ.

ಮಾಲೂರಿನಲ್ಲಿರುವ ನನ್ನ ಅಣ್ಣನಿಗೆ ವಿಷಯ ತಿಳಿಸಿದೆ. ಅವನು ತನ್ನ ಮನೆಯಲ್ಲಿದ್ದ ಕಂಪ್ಯೂಟರನ್ನೇ ಬೆಡ್‌ಶೀಟಿನಲ್ಲಿ ಸುತ್ತಿ, ಗೆಳೆಯನ ಕಾರಿನಲ್ಲಿ ಹಾಕಿಕೊಂಡು ಬಂದ. “ಹೊಸದು ಕಣೇ, ಎಲ್ಲಾ ಲೇಟೆಸ್ಟ್ ಇದೆ. ಇನ್ನು ನಿಂಗೆ ಯೋಚ್ನೆ ಇಲ್ಲ” ಎಂದ. ಅವನೆದುರೇ ಪ್ರಿಂಟರಿನ ವೈರ್ ಚುಚ್ಚಿದೆವು. ‘ಟುಂಗ್’ ಎಂದು ಸದ್ದಾಯಿತು. ಏನೋ ಬಂದು ಸೇರಿಕೊಂಡಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು. ಬಂದಿರುವುದು ಪ್ರಿಂಟರ್ ಎಂಬುದು ಗೊತ್ತಾಗುತ್ತಿರಲಿಲ್ಲ. ಪ್ರಿಂಟರಿನ ಹೆಸರು ಇರಬೇಕಾದ ಜಾಗದಲ್ಲಿ ‘ಗುರುತಿಲ್ಲದ ಸಾಧನ’ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು, ಪಕ್ಕದಲ್ಲಿ ಹಳದಿ ಎಚ್ಚರಿಕೆ ಗುರುತು.

ಅಣ್ಣ ಹೊರಟುಹೋದ ಮೇಲೆ ನನ್ನ ಪಾಡು ಶುರುವಾಯಿತು. ಮಿಷಿನ್ನಿನ ಜೊತೆ ಬಂದಿದ್ದ ಸಿ.ಡಿ. ಹುಡುಕಿ ತೆಗೆದರೆ ಹೊಸ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಬಾಯೇ ಇಲ್ಲ. ಕಂಪನಿಯ ವೆಬ್‌ಸೈಟಿಗೆ ಹೋದೆ. ನಮ್ಮ ಮಾದರಿಯ ಹೆಸರು ಇತ್ತು. ಅದರ ಕೆಳಗೆ ಹಳೆಯ ಆಪರೇಟಿಂಗ್ ಸಿಸ್ಟಮ್‌ಗಳ ಹೆಸರೆಲ್ಲ ಇದ್ದವು, ಹೊಸದರ ಹೆಸರು ಮಾತ್ರ ಇರಲಿಲ್ಲ. ಹಳೆಯದಕ್ಕೆ ಇದ್ದ ಡ್ರೈವರನ್ನೇ ಇಳಿಸಿಕೊಂಡು ಹಾಕಲು ನೋಡಿದೆ. ಅರ್ಧಕ್ಕೆ ನಿಂತು, ಈ ಸಿಸ್ಟಮ್‌ಗೆ ಇದು ಹೊಂದುವುದಿಲ್ಲ ಎಂದು ಹೇಳಿ ತಾನೇ ಮುಚ್ಚಿಕೊಂಡಿತು. ಬೇರೆ ಯಾವುದೋ ಸೈಟಿನಲ್ಲಿ ದೊಡ್ಡ ಹಸಿರು ಬಟನ್ ಕಂಡಿತು. ಒತ್ತಿದೆ. ಡ್ರೈವರ್ ಬರಲಿಲ್ಲ. ಅವತ್ತಿನಿಂದ ಪರದೆಯ ಮೂಲೆಯಲ್ಲಿ ಜೂಜಾಟದ ಜಾಹೀರಾತು ಬರತೊಡಗಿತು. ಪಹಣಿಗೆಂದು ಬಂದ ಹಿರಿಯರ ಮುಂದೆ ಅದು ಕುಣಿಯುವಾಗ ನಾಚಿಕೆಯಿಂದ ಕೈ ಅಡ್ಡ ಹಿಡಿಯುತ್ತಿದ್ದೆ.

ಮನೆಗೆ ಬಂದು ಅತ್ತೆಗೆ, “ಡ್ರೈವರ್ ಸಿಗ್ತಿಲ್ಲ ಅತ್ತೆ” ಎಂದರೆ ಅವರು, “ಯಾತಕ್ಕಮ್ಮ? ಆಸ್ಪತ್ರೆಗೆ ಬಸ್ಸಲ್ಲೇ ಹೋಗ್ತಿದ್ದೀವಲ್ಲ” ಎಂದರು. ಕಂಪ್ಯೂಟರ್ ಹೇಳಿದ್ದನ್ನು ಪ್ರಿಂಟರಿಗೆ ತಿಳಿಸುವ ಒಂದು ಸಾಫ್ಟ್‌ವೇರ್ ಅದು ಎಂದು ಬಿಡಿಸಿ ಹೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ತಟ್ಟೆ ಹಾಕಿಕೊಂಡು ಕೂತೆ.

ರಿಪೇರಿಯವನನ್ನು ಮತ್ತೆ ಕರೆಸಿದೆ. ಅವನು ಪಾಪ, ಒಳ್ಳೆಯವನೇ. ಜಾಹೀರಾತು ಬರುವುದನ್ನು ನಿಲ್ಲಿಸಿಕೊಟ್ಟ. ಆಮೇಲೆ, “ಒಂದೊಂದ್ಸಲ ಅದೇ ಜಾತಿ ಬೇರೆ ಮಾಡಲ್ ಡ್ರೈವರ್ ಕೂತ್ಕೊಳುತ್ತೆ ಅಕ್ಕ, ನೋಡಾಣ” ಎಂದು ಒಂದು ಚಿಕ್ಕ ಮಾದರಿಯ ಡ್ರೈವರ್ ಹಾಕಿದ. ಮಿಷಿನ್ ಗರ್ರ್ ಎಂದಿತು. ಹಾಳೆ ಹೊರಗೆ ಬಂತು. ಮೇಲೊಂದು ಸಾಲು ಅರ್ಥವಿಲ್ಲದ ಚಿಹ್ನೆಗಳು, ಉಳಿದದ್ದು ಖಾಲಿ. ಅದರ ಹಿಂದೆ ಇನ್ನೊಂದು ಅಂಥದ್ದೇ, ಮತ್ತೊಂದು. ಟ್ರೇ ಖಾಲಿಯಾಗುವವರೆಗೂ ನಿಲ್ಲಲೇ ಇಲ್ಲ. ಕೊನೆಗೆ ಅವನು ವೈರ್ ಕಿತ್ತ.

“ಮಿಷಿನ್ ಚೆನ್ನಾಗೇ ಇದೆ ಅಕ್ಕ. ಇಬ್ರ ಮಧ್ಯೆ ಮಾತು ಹೋಗ್ತಿಲ್ಲ, ಅಷ್ಟೆ. ಹೊಸದು ತಗೊಂಬಿಡಿ.”

ನಾನು ಹೊರಗೆ ಬಂದು ಬೀದಿ ನೋಡುತ್ತಾ ನಿಂತೆ. ಹೊಸದು ತೆಗೆದುಕೊಳ್ಳುವ ಸ್ಥಿತಿ ಇದ್ದಿದ್ದರೆ ಅವನನ್ನು ಕರೆಸುತ್ತಲೇ ಇರಲಿಲ್ಲ.

ಜೆರಾಕ್ಸ್ ಮಾತ್ರ ಬರುತ್ತಿತ್ತು. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ, ಗಾಜಿನ ಮೇಲೆ ಹಾಳೆ ಇಟ್ಟು ಗುಂಡಿ ಒತ್ತಿದರೆ ಸಾಕು. ಆದರೆ ನಮ್ಮ ಬೀದಿಗೆ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಹಾಲ್ ಟಿಕೆಟ್. ಎಲ್ಲವೂ ಕಂಪ್ಯೂಟರಿನಿಂದ ಪ್ರಿಂಟ್ ಆಗಬೇಕು. “ಇವತ್ತು ಪ್ರಿಂಟ್ ಇಲ್ಲಪ್ಪ” ಎಂದು ಹೇಳಿ ಹೇಳಿ ನನಗೇ ಬೇಸರವಾಯಿತು. ನಾನು ಬಾಯಿ ತೆರೆಯುವ ಮೊದಲೇ ಜನ ನನ್ನ ಮುಖ ನೋಡಿ ಎದುರು ಸಾಲಿನ ಅಂಗಡಿಗೆ ಹೋಗತೊಡಗಿದರು. ಅಲ್ಲಿ ಸಾಲು ಉದ್ದವಾದಾಗಲೂ ನಮ್ಮ ಕಡೆ ತಿರುಗಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾಗಿದ್ದರು. ಅಂಗಡಿ ಕಡೆ ಕೈ ತೋರಿಸಿ ಹಟ ಮಾಡಿದರು. ಆಟೋದಲ್ಲಿ ಕರೆದುಕೊಂಡು ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಹೊಸ ಕಂಪ್ಯೂಟರನ್ನು ನೋಡಿದರು, ವೈರ್ ನೋಡಿದರು, ನಾನು ಪ್ರಿಂಟ್ ಕೊಟ್ಟು ಅದು ಬಾರದಿದ್ದುದನ್ನು ನೋಡಿದರು. ಎಡಗೈಯನ್ನು ಮಿಷಿನ್ನಿನ ಮೇಲಿಟ್ಟು ಸ್ಪಷ್ಟವಾಗಿ ಒಂದು ಮಾತು ಹೇಳಿದರು.

“ದೀನಕ್ಕ.”

ತೆಲುಗು ಬಾರದವರಿಗೆ ಹೇಳಬೇಕು. ಇದು ತೆಲುಗಿನವರು ಸಿಟ್ಟು ಬಂದಾಗ ಆಡುವ ಬೈಗುಳ. ಗಾಡಿ ಸ್ಟಾರ್ಟ್ ಆಗದಿದ್ದರೆ, ಕರೆಂಟ್ ಹೋದರೆ, ಗಂಡಸರ ಬಾಯಿಂದ ತಾನಾಗಿ ಬೀಳುತ್ತದೆ. ಅಷ್ಟು ತೆಲುಗು ನನಗೂ ಗೊತ್ತಿತ್ತು. ಆದರೆ ನನ್ನ ಗಂಡ ಬೈಗುಳ ಆಡಿದ್ದನ್ನು ನಾನು ಅವತ್ತಿನವರೆಗೂ ಕೇಳಿರಲಿಲ್ಲ.

ಅವತ್ತಿನಿಂದ ಅದೇ ಮಾತು. ಅಂಗಡಿಯಲ್ಲಿ ಕೂತರೆ, ದೀನಕ್ಕ. ಮನೆಯಲ್ಲಿ ನಾನು ಪ್ರಿಂಟರ್ ಎಂದರೆ ಸಾಕು, ದೀನಕ್ಕ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. “ಇವನ ಬಾಯಲ್ಲಿ ಇಂಥ ಮಾತು ಒಂದ್ ದಿವ್ಸ ಬಂದಿರ್ಲಿಲ್ಲ ಕಣಮ್ಮ. ಏನಾಗೋಯ್ತು ನನ್ ಮಗನಿಗೆ” ಎಂದರು. ನಾನು ಹೆದರಿ ಆಸ್ಪತ್ರೆಯ ಹುಡುಗಿಗೆ ಫೋನ್ ಮಾಡಿದೆ. ಈ ಕಾಯಿಲೆಯಲ್ಲಿ ಬೈಗುಳ ಸುಲಭವಾಗಿ ಬರುವುದುಂಟು, ಗದರಿಸಬೇಡಿ, ಕೇಳಿಸಿಕೊಂಡು ಸುಮ್ಮನಿರಿ ಎಂದಳು.

ಕೇಳಿಸಿಕೊಂಡು ಸುಮ್ಮನಿದ್ದೆ. ಒಮ್ಮೊಮ್ಮೆ ನಾನೂ ರೇಗಿ, ಮಿಷಿನ್ನಿನ ಕಡೆ ನೋಡುತ್ತಾ, “ಹೂಂ ರೀ, ದೀನಕ್ಕ!” ಎಂದುಬಿಡುತ್ತಿದ್ದೆ. ಆಗ ಅವರು ಕುರ್ಚಿಯಿಂದ ಮುಂದೆ ಬಾಗಿ ಜೋರಾಗಿ ತಲೆಯಾಡಿಸುತ್ತಿದ್ದರು. ಜೊತೆಗೆ ಬೈಯಲು ಒಬ್ಬರು ಸಿಕ್ಕಿದರೆಂದು ಸಮಾಧಾನವಾಗಿರಬೇಕು ಎಂದುಕೊಳ್ಳುತ್ತಿದ್ದೆ. ನಾನು ಸುಮ್ಮನೆ ಕೂತಾಗ ಅವರ ಮುಖ ಇಳಿದುಹೋಗುತ್ತಿತ್ತು.

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂತು. ಬೆಳಿಗ್ಗೆಯಿಂದಲೇ ಕಾಲೇಜಿನ ಮಕ್ಕಳು ಬೀದಿ ತುಂಬ ಇದ್ದರು. ಎದುರು ಸಾಲಿನಲ್ಲಿ ಜಾಗವಿಲ್ಲದೆ ಹುಡುಗಿಯರ ಒಂದು ಗುಂಪು ನಮ್ಮ ಅಂಗಡಿಗೆ ನುಗ್ಗಿತು. ಅಂಕಪಟ್ಟಿ ಸ್ಕ್ಯಾನ್ ಮಾಡಬೇಕು, ಅರ್ಜಿ ಪ್ರಿಂಟ್ ತೆಗೆಯಬೇಕು. ಎರಡೂ ಆಗುವುದಿಲ್ಲ ಎಂದೆ. ಅವರಲ್ಲೊಬ್ಬಳು ಮಿಷಿನ್ ಕಡೆ ನೋಡಿ, “ಮತ್ತೆ ಇದ್ಯಾಕೆ ಇಟ್ಕೊಂಡಿದ್ದೀರ ಆಂಟಿ?” ಎಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರು ಓಡಿದರು.

ಇವರು ಎಡಗೈಯಿಂದ ಮಿಷಿನ್ನಿನ ಮುಚ್ಚಳಕ್ಕೆ ಬಡಿದರು. “ದೀನಕ್ಕ! ದೀನಕ್ಕ!” ಮತ್ತೆ ಬಡಿದರು. ಹೊರಗೆ ನಿಂತವರೆಲ್ಲ ತಿರುಗಿ ನೋಡಿದರು.

“ಸಾಕು ಮಾಡ್ರೀ!” ಎಂದು ಕಿರುಚಿದೆ. “ಬೈದ್ರೆ ಆಗುತ್ತಾ? ಬೈದು ಬೈದು ಏನ್ ಬಂತು? ಏನ್ ಮಾಡ್ಬೇಕು ಅಂತ ಗೊತ್ತಿದ್ರೆ ಹೇಳಿ, ಕನ್ನಡದಲ್ಲಿ ಹೇಳಿ, ಒಂದೇ ಒಂದ್ ಮಾತು!”

ಅವರ ತುಟಿ ಅದುರಿತು. ಏನೋ ತರಲು ಪ್ರಯತ್ನಪಟ್ಟರು, ಕತ್ತಿನ ನರ ಉಬ್ಬಿತು. ಬರಲಿಲ್ಲ. ಕೈ ತೊಡೆಯ ಮೇಲೆ ಬಿತ್ತು. ನಾನು ಷಟರ್ ಎಳೆದು ಆಟೋ ಕರೆದೆ.

ಅದಾದ ಮೇಲೆ ಅವರು ಅಂಗಡಿಗೆ ಬರಲು ಒಪ್ಪಲಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ನೀಳ್ಳು ಎಂದೂ ಕೇಳಲಿಲ್ಲ. ನಾನು ಅಂಗಡಿಯ ಮಾಲೀಕರ ಮನೆಗೆ ಹೋಗಿ, ತಿಂಗಳಾದ ಮೇಲೆ ಖಾಲಿ ಮಾಡುತ್ತೇನೆ ಎಂದು ಹೇಳಿಬಂದೆ. ಅಣ್ಣನಿಗೆ ಫೋನ್ ಮಾಡಿ, ಮಾಲೂರಿನ ಯಾವುದಾದರೂ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಸಿಗುತ್ತದೆಯೇ ನೋಡು ಎಂದೆ. “ಅವರನ್ನ ಬಿಟ್ಟು ಹೆಂಗ್ ಬರ್ತೀಯ?” ಎಂದ. ಸಂತೆ ಮೈದಾನದ ಹತ್ತಿರ ರಸ್ತೆಯಲ್ಲೇ ನಿಂತು ಫೋನ್ ಹಿಡಿದುಕೊಂಡು ಅತ್ತುಬಿಟ್ಟೆ.

ಆ ವಾರವೇ ಮುಳಬಾಗಿಲಿನಿಂದ ನನ್ನ ಗಂಡನ ಅಕ್ಕ ಬಂದರು. ಅವರನ್ನು ನಾನು ತೆಲುಗಿನವರಂತೆ ವದಿನ ಎಂದೇ ಕರೆಯುವುದು. ಒಂದು ಚೀಲ ಅವರೆಕಾಯಿ ಇಳಿಸಿ, ತಮ್ಮನ ತಲೆ ಸವರಿ, ಅತ್ತು ಮುಗಿಸಿ, ಅವರೆಯ ಸೊಗಡು ಮೆತ್ತಿದ ಕೈಯಲ್ಲೇ ಕಾಫಿ ಕುಡಿದರು. ಆಮೇಲೆ, “ನಡಿಯೋ, ನಿನ್ ಅಂಗಡಿ ತೋರ್ಸು. ಮುಚ್ಚಾಕೋ ಮುಂಚೆ ನೋಡ್ಬಿಡ್ತೀನಿ” ಎಂದರು. ಅಕ್ಕನ ಮಾತಿಗೆ ಅವರು ಎದ್ದರು. ಅತ್ತೆಯೂ ಹೊರಟರು. ಒಂದೇ ಆಟೋದಲ್ಲಿ ನಾಲ್ವರೂ ಹೋದೆವು.

ಅಂಗಡಿಯಲ್ಲಿ ಕೂತ ಕೂಡಲೆ ಇವರು ಅಕ್ಕನ ಕಡೆ ನೋಡಿ, ಮಿಷಿನ್ ಮುಟ್ಟಿ, ಮೆಲ್ಲಗೆ, “ದೀನಕ್ಕ” ಎಂದರು.

ಅತ್ತೆ ಹಣೆ ಚಚ್ಚಿಕೊಂಡರು. “ನೋಡ್ದೇನೆ, ಅಕ್ಕನ ಮುಂದೇನೂ ಅದೇ ಬೈಗುಳ.”

ವದಿನ ನಗಲಿಲ್ಲ, ಗದರಲೂ ಇಲ್ಲ. “ಇವನು ನನ್ ಮುಂದೆ ಅಂಥ ಮಾತು ಆಡೋನಲ್ಲಮ್ಮ. ನನ್ ಸೊಂಟದ ಮೇಲೆ ಬೆಳ್ದೋನು” ಎಂದರು. ತಮ್ಮನ ಮುಂದೆ ನೆಲದ ಮೇಲೆ ಕೂತು, ಚಿಕ್ಕ ಮಗುವನ್ನು ಕೇಳುವ ಹಾಗೆ ತೆಲುಗಿನಲ್ಲಿ ಕೇಳಿದರು. “ಏಮಿರಾ? ದೀನಿ ಅಕ್ಕ ಎವರು?”

ಏನೋ? ಇದರ ಅಕ್ಕ ಯಾರು?

ಬೈಗುಳವನ್ನು ಬಿಡಿಸಿದರೆ ಅಷ್ಟೇ ಅರ್ಥ. ದೀನಿ ಅಕ್ಕ, ಇದರ ಅಕ್ಕ. ನಾವ್ಯಾರೂ ಅದನ್ನು ಹಾಗೆ ಕೇಳಿಯೇ ಇರಲಿಲ್ಲ.

ಇವರ ಕಣ್ಣಿಂದ ನೀರು ಇಳಿಯಿತು. ಜೋರಾಗಿ ತಲೆಯಾಡಿಸಿದರು. ಎಡಗೈಯ ಬೆರಳನ್ನು ಮಿಷಿನ್ನಿನ ಮುಂದಿದ್ದ ಮಾದರಿಯ ಸಂಖ್ಯೆಯ ಮೇಲಿಟ್ಟರು. ಕೊನೆಯ ಅಂಕೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಕೈ ಮೇಲಕ್ಕೆ ಎತ್ತಿ, “ಪೆದ್ದದಿ” ಎಂದರು. ದೊಡ್ಡದು.

“ಯಾವ್ ಮಿಷಿನ್ನಿಗೆ ಅಕ್ಕ ಇರ್ತಾಳಪ್ಪ” ಎಂದರು ಅತ್ತೆ.

ನನಗೆ ತಟ್ಟನೆ ಹೊಳೆಯಿತು. ರಿಪೇರಿಯವನು ಇದೇ ಜಾತಿಯ ಬೇರೆ ಮಾದರಿ ಎಂದಿದ್ದ. ಅವನು ಹಾಕಿದ್ದು ಚಿಕ್ಕದು, ತಂಗಿ. ಇವರು ಹೇಳುತ್ತಿರುವುದು ದೊಡ್ಡದು. “ಇದೇ ಕಂಪನೀದು, ಇದಕ್ಕಿಂತ ದೊಡ್ಡ ನಂಬರಿಂದು, ಅದರ ಡ್ರೈವರ್ ಹಾಕ್ಬೇಕಾ ರೀ?” ಎಂದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಉಸಿರು ಉದ್ದಕ್ಕೆ ಬಿಟ್ಟರು.

ವೆಬ್‌ಸೈಟಿನಲ್ಲಿ ಆ ದೊಡ್ಡ ಮಾದರಿಯನ್ನು ಹುಡುಕಿದೆ. ಅದರ ಕೆಳಗೆ ಹೊಸ ಸಿಸ್ಟಮ್‌ನ ಹೆಸರಿತ್ತು. ಇಳಿಸಿಕೊಂಡು ಹಾಕಿದೆ. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದೆ. ಪ್ರಿಂಟರಿನ ವೈರ್ ಯಾವ ಬಾಯಿಗೆ, ಅಂದರೆ ಯಾವ ಪೋರ್ಟಿಗೆ, ಸೇರಿದೆ ಎಂದು ಕಂಪ್ಯೂಟರ್ ಕೇಳಿತು, ಒಂದನ್ನು ಆರಿಸಿದೆ. ಪರೀಕ್ಷೆಗೆ ಒಂದು ಪುಟ ಕೊಟ್ಟೆ. ಏನೂ ಬರಲಿಲ್ಲ. “ಕಾದು” ಎಂದರು ಇವರು, ಕೋಪವಿಲ್ಲದೆ, ಅಂಗಡಿಯಲ್ಲಿ ಮೊದಲು ನನಗೆ ಹೇಳಿಕೊಡುತ್ತಿದ್ದ ಧ್ವನಿಯಲ್ಲೇ. ಪಟ್ಟಿಯಲ್ಲಿ ಕೆಳಗಿದ್ದ ಇನ್ನೊಂದು ಬಾಯಿ ಆರಿಸಿದೆ.

ಮಿಷಿನ್ ಗರ್ರ್ ಎಂದಿತು. ಮತ್ತೆ ಆ ಹಾಳು ಚಿಹ್ನೆಗಳು ಬಂದರೆ ಕೀಳೋಣವೆಂದು ವೈರಿನ ಮೇಲೆ ಕೈ ಇಟ್ಟುಕೊಂಡೆ. ಬೆಚ್ಚಗಿನ ಹಾಳೆ ಹೊರಬಂತು. ಅಕ್ಷರಗಳೆಲ್ಲ ಸರಿಯಾಗಿದ್ದವು. ಪಹಣಿ ತೆರೆದು ಕನ್ನಡ ಪುಟವೊಂದನ್ನು ಕೊಟ್ಟೆ. ಅದೂ ಬಂತು. ವದಿನ ಆ ಹಾಳೆಯನ್ನು ತೆಗೆದು ತಮ್ಮನ ತೊಡೆಯ ಮೇಲಿಟ್ಟರು. ಅತ್ತೆ ಮಗನ ಕೆನ್ನೆ ಹಿಡಿದು, “ನಾನೇ ತಪ್ಪು ತಿಳ್ಕಂಡೆ ಕಣಪ್ಪ” ಎಂದರು. ಇವರು ಸುಸ್ತಾಗಿ ಗೋಡೆಗೆ ತಲೆ ಆನಿಸಿದರು. ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಸ್ಕ್ಯಾನ್ ಇವತ್ತಿಗೂ ಬಂದಿಲ್ಲ. ಅಕ್ಕನ ಹೆಸರು ಹೇಳಿದರೂ ಅದು ಒಪ್ಪಲಿಲ್ಲ. ಸ್ಕ್ಯಾನಿಗೆ ಬೇರೆ ಡ್ರೈವರ್ ಬೇಕಂತೆ, ಅದರ ದಾರಿ ಇವರಿಗೂ ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ಹೇಳಲು ಮಾತಿಲ್ಲ. ಸ್ಕ್ಯಾನ್ ಬೇಕೆಂದವರಿಗೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತೇನೆ. ಕೆಲವು ಕಚೇರಿಗಳಲ್ಲಿ ಅದು ನಡೆಯುವುದಿಲ್ಲ, ಅಂಥವರನ್ನು ನಾನೇ ಎದುರಿನ ಅಂಗಡಿಗೆ ಕಳಿಸುತ್ತೇನೆ. ಮಾಲೀಕರ ಮನೆಗೆ ಹೋಗಿ, ಸದ್ಯಕ್ಕೆ ಖಾಲಿ ಮಾಡುವುದಿಲ್ಲ ಎಂದು ಹೇಳಿಬಂದೆ. ಒಮ್ಮೆ ಹೊಸ ಸಿಸ್ಟಮ್ ತಾನಾಗಿ ಏನೋ ಅಪ್‌ಡೇಟ್ ಮಾಡಿಕೊಂಡು ಪ್ರಿಂಟರನ್ನು ಮತ್ತೆ ಮರೆತುಬಿಟ್ಟಿತು. ಅವತ್ತು ಷಟರ್ ಅರ್ಧ ಇಳಿಸಿ, ಇವರ ಪಕ್ಕ ಕೂತು, ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಕೆಲಸ ಮುಗಿಯುವ ಹೊತ್ತಿಗೆ ನನ್ನ ರವಿಕೆ ಬೆವರಿನಿಂದ ಒದ್ದೆಯಾಗಿತ್ತು.

ಇವರಿಗೆ ಕನ್ನಡದ ಕೆಲವು ಮಾತು ಬಂದಿವೆ. ‘ಬಾ’, ‘ಸಾಕು’, ‘ಬೇಡ’. ನನ್ನ ಹೆಸರು ಇನ್ನೂ ಬಂದಿಲ್ಲ. ನಾನು ಅತ್ತೆಯ ಹತ್ತಿರ ತೆಲುಗು ಕಲಿಯುತ್ತಿದ್ದೇನೆ. ಅಡುಗೆ ಮಾಡುವಾಗ ಒಂದೊಂದೇ ಪದ ಕೇಳಿ ತಿಳಿದುಕೊಳ್ಳುತ್ತೇನೆ. ಗೊತ್ತಿರುವ ಪದವನ್ನೂ ಈಗ ಎರಡು ಸಲ ಕೇಳುತ್ತೇನೆ.

ಬೆಳಿಗ್ಗೆ ಅಂಗಡಿ ತೆಗೆದ ಕೂಡಲೆ ಮೊದಲು ಒಂದು ಪುಟ ಪ್ರಿಂಟ್ ಕೊಟ್ಟು ನೋಡುತ್ತೇನೆ. ಅದು ಬಂದ ಮೇಲೆಯೇ ಬಾಗಿಲಿಗೆ ನೀರು ಹಾಕುವುದು.